ಕಣ್ಣು ಮುಚ್ಚಿ ಆರಿಸಿದ ಸೆಟ್ಟು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ನೀರಿನಿಂದ ಶುರು ಮಾಡಿದರೆ ನೀವು "ಓಹೋ, ಮುಳುಗಡೆ ಕಥೆ" ಅಂತ ಪುಟ ಮಗುಚುತ್ತೀರಿ. ಹಿನ್ನೀರಿನ ಮೇಲೆ ಸೂರ್ಯ ಕೆಂಪಗಾಗುವುದರಿಂದ ಶುರು ಮಾಡಿದ್ದೆ. ಹರಿದು ಒಗೆದೆ, ಸೂರ್ಯನಿಗೆ ಈ ಕಥೆಯಲ್ಲಿ ಏನೂ ಕೆಲಸವಿಲ್ಲ. ಬೈಗುಳದಿಂದಲೇ ಶುರು ಮಾಡುತ್ತೇನೆ. ಬೈಗುಳಕ್ಕೆ ಪೀಠಿಕೆ ಬೇಕಾಗುವುದಿಲ್ಲ.

"ಎಂಟನೇ ಇಯತ್ತಾ ಎರಡ ಸಲ ನಪಾಸಾದ ಮಗ ಇಂಗ್ಲೀಷ್ ಮೀಟರ್ ಓದ್ತಾನಂತ! ಇವಾ ನೀರಾಗ ಸತ್ರ ಇವನ್ನ ತಗ್ಯಾಕ ಮತ್ತೊಬ್ಬಂವನ್ನ ಹುಡುಕಬೇಕಲೇ ನಾವು."

ಅಂದವರು ವಿಜಯಮಹಾಂತೇಶ. ಹಿನ್ನೀರಿನಿಂದ ಹೊಲಕ್ಕೆ ನೀರೆತ್ತುವ ರೈತರ ಸಂಘದ ಅಧ್ಯಕ್ಷರು, ಊರಿಗೆಲ್ಲ ಮಾಂತೇಶಣ್ಣ. ಅನ್ನಿಸಿಕೊಂಡವನು ಶಂಭು, ಇಳಕಲ್ಲಿನ ನೇಕಾರರ ಮಗ, ಇಪ್ಪತ್ತೆರಡು ವರ್ಷ. ಕೇಳಿಸಿಕೊಂಡವರು ಸಂಘದ ಹನ್ನೊಂದು ಮಂದಿ, ಪಣಜಿಯಿಂದ ಜೀಪಿನಲ್ಲಿ ನೀರಿಗಿಳಿಯುವ ಸಾಮಾನು ಹೇರಿಕೊಂಡು ಬಂದ ವ್ಯಾಪಾರಿ, ಮತ್ತು ಎರಡು ಎಮ್ಮೆ. ಎಮ್ಮೆಗಳು ಮಾತ್ರ ನಗಲಿಲ್ಲ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಶಂಭು ಒಂದು ಭಾರೀ ಡೈಲಾಗು ಹೊಡೆದಿದ್ದ. ಅರ್ಧ ಪುಟ. ನಾನೇ ಬರೆದು ನಾನೇ ಚಪ್ಪಾಳೆ ತಟ್ಟಿಕೊಂಡಿದ್ದೆ. ಶಂಭು ಒಪ್ಪಲಿಲ್ಲ. "ಅವತ್ತ ನಾ ಹಂಗ ಅಂದಿದ್ರ ಸೆಟ್ ನನ್ನ ಕೈಗೆ ಬರ್ತಿತ್ತೇನ್ಲೇ? ಹಲ್ಲ ಕಚ್ಚಿ ನಿಂತಿದ್ದೆ. ಹಂಗ ಬರಿ." ಬರೆದೆ: ಹಲ್ಲು ಕಚ್ಚಿ ನಿಂತಿದ್ದ.)

೧ (ಇನ್ನೊಮ್ಮೆ, ಈ ಸಲ ಸಾವಕಾಶ)

ಇಸವಿ ಎರಡು ಸಾವಿರದ ನಾಲ್ಕು. ಹಳೆ ಬಾಗಲಕೋಟೆಯ ಕೆಳಗಿನ ಓಣಿಗಳ ಮೇಲೆ ಆಣೆಕಟ್ಟಿನ ಹಿನ್ನೀರು ಬಂದು ನಿಂತಿತ್ತು. ದಂಡೆಯ ರೈತರು ಅದಕ್ಕೇ ಪಂಪು ಇಳಿಸಿದ್ದರು. ಪಂಪಿನ ಪೈಪಿಗೆ ನೀರೊಳಗೆ, ತುದಿಯಲ್ಲಿ, ಒಂದು ಜಾಳಿಗೆ ಇರುತ್ತದೆ. ಪಾಚಿಯೋ, ಪ್ಲಾಸ್ಟಿಕ್ಕೋ, ಯಾರೋ ಬಿಟ್ಟ ಹಳೆ ಸೀರೆಯೋ ಅದಕ್ಕೆ ಸುತ್ತಿಕೊಂಡರೆ ಪಂಪು ಬರೀ ಗೊರಗುಡುತ್ತದೆ, ಹೊಲಕ್ಕೆ ಹನಿ ನೀರಿಲ್ಲ. ಆಗ ಮುಳುಗಿ ಅದನ್ನು ಬಿಡಿಸಲು ಯಾಕೂಬಸಾಬರಿಗೆ ಹೇಳಿಕಳಿಸುತ್ತಿದ್ದರು.

ಯಾಕೂಬಸಾಬರ ಬಗ್ಗೆ ಬರೆಯುವಾಗ ನನಗೆ ಚೇಷ್ಟೆ ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ. ಇಂಥದು ನನಗೆ ಭಾಳ ಕಡಿಮೆ ಆಗುತ್ತದೆ. ಎದೆಗೊಂದು ಕಲ್ಲು ಅವುಚಿಕೊಂಡು, ನಡಕ್ಕೆ ಹಗ್ಗ ಬಿಗಿದು, "ಯಾ ಅಲ್ಲಾ" ಅಂತ ಒಂದು ಉಸಿರು ಎಳೆದು ಇಳಿದರೆಂದರೆ ದಂಡೆಯ ಮೇಲಿದ್ದವರ ಉಸಿರೂ ನಿಲ್ಲುತ್ತಿತ್ತು. ನಲವತ್ತು ವರ್ಷ ಬಾವಿಗಳಿಂದ ಕೊಡ ತೆಗೆದಿದ್ದಾರೆ, ಮನುಷ್ಯರನ್ನೂ ತೆಗೆದಿದ್ದಾರೆ. ಕೊಡಕ್ಕೆ ಕೊಟ್ಟಿದ್ದು ತೆಗೆದುಕೊಂಡಿದ್ದಾರೆ. ಮನುಷ್ಯರಿಗೆ ಏನೂ ತೆಗೆದುಕೊಂಡಿಲ್ಲ. ಆದರೆ ಹಿನ್ನೀರು ಬಾವಿಯಲ್ಲ. ಆಳ ಹೆಚ್ಚಾಯಿತು, ಎಡಗಿವಿ ಒಡೆಯಿತು, ಇನ್ನು ಇಳಿಯಬಾರದು ಅಂತ ದವಾಖಾನಿಯಲ್ಲಿ ಹೇಳಿದರು.

"ನೀರಿನಿಂದ ಒಡಿತು ಅಂತಾರ ಎಲ್ಲಾರೂ," ಅನ್ನುತ್ತಾಳೆ ಅವರ ಹೆಂಡತಿ ರಂಜಾನಬಿ. "ನನ್ನ ಮಾತ ಕೇಳಬಾರ್ದಂತ ತಾವ ಒಡಕೊಂಡಾರ."

ಹೀಗಾಗಿ ಸಂಘ ನೀರೊಳಗೆ ಉಸಿರಾಡಿಸುವ ಒಂದು ಸ್ಕೂಬಾ ಸೆಟ್ಟು ಕೊಳ್ಳುವುದೆಂದು ನಿಕ್ಕಿ ಮಾಡಿತು. ಒಂದೇ ಸೆಟ್ಟು. ಅದರೊಳಗಿನ ರಬ್ಬರಿನ ಸೂಟು ಮೈಗೆ ಅಂಟಿ ಕೂರಬೇಕು, ಒಬ್ಬನಿಗೆ ತಂದದ್ದು ಇನ್ನೊಬ್ಬನಿಗೆ ಆಗದು. ಅಂದರೆ ಸೂಟು ಯಾರ ಅಳತೆಯದೋ ಅವನೇ ಇನ್ನು ಈ ದಂಡೆಯ ಮುಳುಗುವವ. ಮಾಂತೇಶಣ್ಣನ ಮನಸ್ಸಿನಲ್ಲಿದ್ದವನು ಅವರ ಅಣ್ಣನ ಮಗ ಬಸವಂತ, ಡಿಪ್ಲೊಮಾ ಮುಗಿಸಿದವ. ಯಾಕೂಬಸಾಬರ ಮನಸ್ಸಿನಲ್ಲಿದ್ದವನು ಮೂರು ವರ್ಷದಿಂದ ತಮ್ಮ ಹಗ್ಗದ ಇನ್ನೊಂದು ತುದಿ ಹಿಡಿದ ಶಂಭು.

ಶಂಭುವಿನ ಮನಸ್ಸಿನಲ್ಲಿ? ಸಾಲಿ ಬಿಟ್ಟ. ಮಗ್ಗಕ್ಕೆ ಕೂತ, ಯಾರದೋ ಮಗ್ಗ. ಪಾವರ್‌ಲೂಮಿಗೆ ಹೋದ, ಯಾರದೋ ಶೆಡ್ಡು. ತನ್ನ ಅಳತೆಗೆ ಅಂತ ಈ ಭೂಮಿಯ ಮೇಲೆ ಯಾರೂ ಏನೂ ಹೊಲಿದಿರಲಿಲ್ಲ.

೩

(ಎರಡನ್ನು ಹಾರಿಸಿದ್ದೇನೆ. ಅದರಲ್ಲಿ ಮುಳುಗಿದ ಊರಿನ ವರ್ಣನೆ ಇತ್ತು: ನೀರೊಳಗೆ ನಿಂತ ಬಾಗಿಲು, ಕಟ್ಟೆ, ಗೂಡಿನಲ್ಲಿ ಹಣತೆ, ಹಣತೆಯ ಸುತ್ತ ಮೀನು. ಓದಿದರೆ ಕಣ್ಣೀರು ಬರಬೇಕು, ಹಂಗೆ ಬರೆದಿದ್ದೆ. ಶಂಭು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾವ ಮೀನ ನೋಡಿದ್ಯೋ ನೀ? ಎರಡ ಆಳ ಇಳದ್ರ ನಿನ್ನ ಕೈ ನಿನಗ ಕಾಣಾಂಗಿಲ್ಲ. ಎರಿಮಣ್ಣಿನ ನೀರಪಾ. ಕಣ್ಣ ತಗದ್ರೂ ಅಷ್ಟ, ಮುಚ್ಚಿದ್ರೂ ಅಷ್ಟ." ವರ್ಣನೆ ಹೋಯಿತು. ಆದರೆ ಅವನಂದ ಈ ಮಾತನ್ನು ಕೈಯಲ್ಲಿ ಹಿಡಿದುಕೊಂಡಿರಿ, ಮುಂದೆ ಬೇಕಾಗುತ್ತದೆ.)

೪

ವ್ಯಾಪಾರಿ ರಂಜಾನಬಿಯ ಹೊರಸಿನ ಮೇಲೆ ಎಲ್ಲವನ್ನೂ ಹರವಿದ. ಆ ಹೊರಸಿನ ಮೇಲೆ ಅಂಥ ಚೆಲುವು ಹಿಂದೆ ಬಂದಿರಲಿಲ್ಲ (ರಂಜಾನಬಿ ಕ್ಷಮಿಸಲಿ). ಕಪ್ಪೆಗಾಲಿನಂಥ ಎರಡು ಫಿನ್ಸು. ಮೂಗೂ ಕಣ್ಣೂ ಮುಚ್ಚುವ ಗಾಜಿನ ಮಾಸ್ಕು. ಗಾಳಿ ತುಂಬಿದರೆ ತೇಲಿಸುವ, ಬಿಟ್ಟರೆ ಮುಳುಗಿಸುವ ಜಾಕೆಟ್ಟು. ಸೀಸದ ತುಂಡು ಪೋಣಿಸಿದ ಬೆಲ್ಟು. ಸಿಲಿಂಡರು. ಅದರಿಂದ ಹೊರಟ ಕರಿ ಕೊಳವೆಯ ತುದಿಗೆ ಬಾಯಲ್ಲಿ ಕಚ್ಚುವ ರೆಗ್ಯುಲೇಟರು.

ಶಂಭು ರೆಗ್ಯುಲೇಟರ್ ಕಚ್ಚಿ ಒಂದು ಉಸಿರು ಎಳೆದ. ಅದು ಕೊಟ್ಟಿತು. ಎಳೆದಷ್ಟೇ ಕೊಟ್ಟಿತು, ಗುಟುಕು ಹೆಚ್ಚಿಲ್ಲ, ಗುಟುಕು ಕಡಿಮೆಯಿಲ್ಲ. ಮೆಲ್ಲಗೆ ಎಳೆದರೆ ಮೆಲ್ಲಗೆ, ಜೋರು ಎಳೆದರೆ ಜೋರು. ಎಲ್ಲೋ ಕಾಣದ ದೇಶದಲ್ಲಿ ಯಾವನೋ ಒಬ್ಬ ಕೂತು, ತಾನು ಎಂದೂ ನೋಡದ ಮನುಷ್ಯನ ಉಸಿರಿಗೆ ಇಷ್ಟು ಮರ್ಯಾದೆ ಕೊಟ್ಟು ಒಂದು ಹಿತ್ತಾಳೆಯ ತುಂಡು ಕೊರೆದಿದ್ದಾನಲ್ಲ! ಎಷ್ಟನೆಯ ಇಯತ್ತೆ ಓದಿದ್ದೀ ಅಂತ ಅದು ಕೇಳಲಿಲ್ಲ.

"ಹ್ಯಾಂಗೈತಲೇ?" ಯಾಕೂಬಸಾಬರು ಕೇಳಿದರು.

"ಮಾಮಾ, ಇದು... ನಮ್ಮವ್ವ ಉಣಿಸಿದಂಗ ಐತಿ."

ಬಸವಂತ ಹಳದಿ ಜಾಕೆಟ್ಟು ಎತ್ತಿಕೊಂಡ. ಹೊಸದು, ಜರಿಯ ಹಾಗೆ ಮಿಂಚುತ್ತಿತ್ತು. "ಕಾಕಾ, ಇದ ಬೆಸ್ಟ್. ಲೇಟೆಸ್ಟ್ ಮಾಡೆಲ್." ಶಂಭು ಅದರ ಪಕ್ಕದ ಮಾಸಲು ಕರಿ ಜಾಕೆಟ್ಟನ್ನು ಒಳಮೈ ತಿರುವಿದ. ಪಟ್ಟಿಗಳನ್ನು ಉಗುರಿನಿಂದ ಕೆರೆದ, ಅಂಚು ಎಳೆದ, ಬೆಳಕಿಗೆ ಹಿಡಿದು ನೋಡಿದ. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸುವುದನ್ನು ನೋಡುತ್ತ ಬೆಳೆದ ಕಣ್ಣು ಅದು.

"ಹಳದೀದು ಹಾಸಿನ ಎಳಿ ಜಾಳ ಐತ್ರಿ. ಆರ ತಿಂಗಳಿಗೆ ಅಂಚು ಬಿಚ್ಚಕೊಂತೈತಿ. ಕರೇದು ಹತ್ತ ವರ್ಷ ಬರ್ತೈತಿ."

ವ್ಯಾಪಾರಿ ಹಳದಿ ಜಾಕೆಟ್ಟನ್ನು ಸುಮ್ಮನೆ ಮಡಚಿ ಜೀಪಿನಲ್ಲಿಟ್ಟ. ಅದೇ ಅವನ ಉತ್ತರ.

ಆಮೇಲೆ ಮಾಸ್ಕು. ತಲೆಯ ಹಿಂದಿನ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದರೆ ಅದು ಅಂಟಿಕೊಂಡು ನಿಲ್ಲಬೇಕು, ಅದೇ ಪರೀಕ್ಷೆ. ಬಸವಂತನ ಮುಖದಿಂದ ಜಾರಿ ಬಿತ್ತು. ಶಂಭುವಿನ ಮುಖದಿಂದಲೂ ಬಿತ್ತು.

"ಮೂಂಛ್," ಅಂದ ವ್ಯಾಪಾರಿ, ತನ್ನ ಮೂಗಿನ ಕೆಳಗೆ ಬೆರಳು ತೋರಿಸಿ. "ಪಾನಿ ಅಂದರ್ ಆತಾ ಹೈ."

ಮೀಸೆಯಿದ್ದರೆ ಸಂದಿನಿಂದ ನೀರು ಒಳಗೆ ಬರುತ್ತದೆ. ಇಬ್ಬರ ಮೀಸೆಯೂ ನೋಡುವಂಥದ್ದು. ಬಸವಂತ ಚಿಕ್ಕಪ್ಪನ ಮುಖ ನೋಡಿದ. ಕೆರೂರಿನ ಹೆಣ್ಣಿನ ಮನೆಯವರು ಮುಂದಿನ ವಾರ ಅವನನ್ನು ನೋಡಲು ಬರುವವರಿದ್ದರು. ಶಂಭು ಬ್ಲೇಡು ಹುಡುಕಿದ.

(ಎಷ್ಟು ಹುರಿ ಮಾಡಿ ಬೆಳೆಸಿದ್ದ ಅಂತ ನನಗೆ ಗೊತ್ತು. ಈ ಜಾಗದಲ್ಲಿ ಒಂದು ಪ್ಯಾರಾ ಶೋಕ ಬರೆಯಲೇ ಅಂದೆ. "ಮೀಸಿ ಮತ್ತ ಬರ್ತೈತಿ," ಅಂದ.)

ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಮೀಟರಿನ ಸರದಿ ಬಂದಾಗ ವ್ಯಾಪಾರಿಯೇ ಹೇಳಿದ: ಓದುವುದೇನೂ ಇಲ್ಲ, ಮುಳ್ಳು ಕೆಂಪಿಗೆ ಬರುವ ಮೊದಲು ಮೇಲೆ ಬರಬೇಕು. ಬ್ಯಾಟರಿ ಹಚ್ಚಿ ಗಾಜಿಗೆ ಒತ್ತಿ ಹಿಡಿದರೆ ಕೆಸರಿನಲ್ಲೂ ಕಾಣುತ್ತದೆ. ಇಳಕಲ್ಲಿನವನಿಗೆ ಕೆಂಪು ಯಾವುದೆಂದು ತೋರಿಸಿಕೊಡಬೇಕೇ! ಮನೆಮನೆಯ ಸೆರಗೂ ಅದೇ ಬಣ್ಣ.

ಮಾಂತೇಶಣ್ಣ ಒಪ್ಪಲಿಲ್ಲ. "ಬಸವಂತ ಎಲ್ಲಾದರ ಹೆಸರೂ ಹೇಳ್ತಾನ. ಹೇಳಪಾ." ಬಸವಂತ ಪಟಪಟ ಹೇಳಿದ, ಎಲ್ಲಾ ಇಂಗ್ಲೀಷಿನಲ್ಲಿ.

೫

"ಇಬ್ರ ಕಣ್ಣೂ ಕಟ್ರಿ," ಅಂದರು ಯಾಕೂಬಸಾಬರು.

ಯಾರಿಗೂ ತಿಳಿಯಲಿಲ್ಲ. ಮುದುಕ ತಮ್ಮ ಟವೆಲ್ಲನ್ನು ಎರಡು ಸೀಳು ಮಾಡಿದರು. "ಕಣ್ಣಿಲೆ ಆರಸ್ಲಿಕ್ಕೆ ಇದೇನ ಮದಿವಿ ಜವಳಿ ಏನ್ರಿ? ಕೆಳಗ ಕಣ್ಣ ಸತ್ತಿರ್ತೈತಿ. ಕೈ ಒಂದ ಬದಕಿರ್ತೈತಿ. ಕೈ ಹೇಳಿದ್ದ ತಗೋಳೂಣು."

ಬಸವಂತ ಬಲಗಡೆ ಹುಡುಕಬೇಕಾದ್ದನ್ನು ಎಡಗಡೆ ಹುಡುಕಿದ. ಗಾಳಿ ಬಿಡು ಅಂದರೆ ಗಾಳಿ ತುಂಬುವ ಗುಂಡಿ ಒತ್ತಿದ. ಜಾಕೆಟ್ಟು ಎಣ್ಣೆಯೊಳಗಿನ ಪೂರಿಯಂತೆ ಉಬ್ಬಿ ಅವನ ಗದ್ದ ಮೇಲೆತ್ತಿತು. ಸಂಘ ನಕ್ಕಿತು.

ಶಂಭು ಎಲ್ಲವನ್ನೂ ಮುಟ್ಟಿದ. ಕೊಳವೆ, ಗುಂಡಿ, ಮೀಟರು, ಸಿಲಿಂಡರಿನ ತಿರುಪು, ಕೇಳಿದ ಕೂಡಲೇ ಕೈ ಅಲ್ಲಿತ್ತು. ಉಳಿದದ್ದು ಒಂದೇ.

"ಕಲ್ಲ ಬಿಡು," ಅಂದರು ಯಾಕೂಬಸಾಬರು.

ಸೀಸದ ಬೆಲ್ಟು ಅಂದರೆ ಅವರ ಕಲ್ಲು. ಆಪತ್ತಿನಲ್ಲಿ ಒಂದೇ ಕೈಯಿಂದ, ಒಂದೇ ಜಗ್ಗಿಗೆ ಅದು ಬಿಚ್ಚಿ ಬೀಳಬೇಕು. ಶಂಭು ಬಕಲ್ಲು ಜಗ್ಗಿದ. ಬೀಳಲಿಲ್ಲ. ಇನ್ನೊಮ್ಮೆ ಜಗ್ಗಿದ.

ಆಗಿದ್ದೇನೆಂದರೆ, ಬೆಲ್ಟು ಕಟ್ಟಿಕೊಂಡಾಗ ಅದರ ತುದಿ ಗೇಣುದ್ದ ಜೋತು ಬಿದ್ದಿತ್ತು. ಜೋತ ತುದಿಯನ್ನು ಯಾವ ನೇಕಾರನೂ ಹಾಗೇ ಬಿಡುವುದಿಲ್ಲ. ಅವನಿಗೇ ತಿಳಿಯದಂತೆ ಅವನ ಬೆರಳು ಅದನ್ನು ಒಳಗೆ ಸಿಕ್ಕಿಸಿ ಗಂಟು ಹಾಕಿದ್ದವು. ಅಪ್ಪನ ಗಂಟು, ಅಜ್ಜನ ಗಂಟು. ಜಗ್ಗಿದಷ್ಟೂ ಬಿಗಿಯುವ ಗಂಟು.

"ಸತ್ತಾ!" ಮಾಂತೇಶಣ್ಣ ತೊಡೆ ತಟ್ಟಿದರು. "ನಾ ಹೇಳಿರ್ಲಿಲ್ಲಾ?"

"ಹೌದು, ಸತ್ತಿ," ಅಂದರು ಯಾಕೂಬಸಾಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹತ್ತಿರ ಬಂದು ಶಂಭುವಿನ ಕೈಯನ್ನು ಗಂಟಿನ ಮೇಲಿಟ್ಟರು. "ಬೇಟಾ, ನಲವತ್ತ ವರ್ಷ ನಾ ಕಲ್ಲ ಹಿಡದೇನಿ. ಒಮ್ಮೆರ ಕಟ್ಟಿಕೊಂಡೇನೇನು? ಹಿಡಿಬೇಕು. ಕಟ್ಟಬಾರ್ದು. ಈಗ ಮತ್ತ ಹುಟ್ಟು."

ಶಂಭು ಕಣ್ಣಿನ ಬಟ್ಟೆ ತೆಗೆಯಲಿಲ್ಲ. ಗಂಟು ಬಿಚ್ಚಿದ. ಎಲ್ಲ ಕಳಚಿದ, ಎಲ್ಲ ಮತ್ತೆ ತೊಟ್ಟ, ತುದಿಯನ್ನು ಜೋತು ಬಿಟ್ಟ. ಮೂರು ತಲೆಮಾರು ಬಿಡಬೇಡ ಅಂದದ್ದನ್ನು ಬಿಡುವುದು ಸಣ್ಣ ಕೆಲಸವಲ್ಲ. ಕಲ್ಲು ಬಿಡು. ಬಿತ್ತು. ಮತ್ತೆ ತೊಟ್ಟ. ಬಿತ್ತು. ಸಂಘದವರು ಚಾ ಕುಡಿದು ಬಂದರು, ಅವನು ಇನ್ನೂ ತೊಡುತ್ತಿದ್ದ, ಕೆಡವುತ್ತಿದ್ದ. ಸೀಸ ಬಿದ್ದು ಬಿದ್ದು ಅವನ ಕಾಲ ಬಳಿ ನೆಲ ಗುಂಡಿ ಬಿದ್ದಿತ್ತು.

ಯಾಕೂಬಸಾಬರು ತಮ್ಮ ಹಳೆಯ ಹಗ್ಗ ತಂದು ಅವನ ನಡಕ್ಕೆ ಬಿಗಿದರು. "ಅಧ್ಯಕ್ಷರ, ಯಾರ್ನರ ಇಳಸ್ರಿ. ನಾ ಹಗ್ಗ ಹಿಡಿಯೂದು ಇವಂಗಷ್ಟ."

ಮೇಲೆ ಹಗ್ಗ ಹಿಡಿಯುವವರಿಲ್ಲದೆ ಆ ನೀರಿಗೆ ಯಾರೂ ಇಳಿಯುವುದಿಲ್ಲ.

"ಕಾಕಾ, ನನಗ ಬ್ಯಾಡ್ರಿ," ಅಂದ ಬಸವಂತ, ಮೀಸೆ ಮುಟ್ಟಿಕೊಳ್ಳುತ್ತ. ಅವನಷ್ಟು ಹಗುರಾದ ಮನುಷ್ಯನನ್ನು ಆ ದಿನ ನಾನು ಬೇರೆ ಬರೆದಿಲ್ಲ. ವ್ಯಾಪಾರಿ ಅಳತೆಯ ಪಟ್ಟಿ ತೆಗೆದು ಶಂಭುವಿನ ಎದೆಯ ಸುತ್ತ ಹಿಡಿದ.

೬

ಈಗ ಕಥೆ ಮುಗಿಸಬೇಕು. ನನ್ನ ಹತ್ತಿರ ಮೂರು ಮುಗಿತಾಯ ಇವೆ.

ಅ) ಶಂಭು ಇಳಿಯುತ್ತಾನೆ, ಜಾಳಿಗೆಯಿಂದ ಒಂದು ಹಳೆ ಇಳಕಲ್ ಸೀರೆ ಬಿಡಿಸಿ ತರುತ್ತಾನೆ, ಅದು ಅವರವ್ವ ನೆಯ್ದದ್ದು. (ಶಂಭು: "ಥೂ.")

ಆ) ಶಂಭು ಮೇಲೆ ಬರುವುದೇ ಇಲ್ಲ. (ಹರಿದು, ತುಂಡು ಮಾಡಿ, ಒಲೆಗೆ ಹಾಕಿದ್ದೇನೆ. ಸಾಲಿ ಬಿಟ್ಟವನನ್ನು ಕೊನೆಯ ಪುಟದಲ್ಲಿ ಕೊಂದು ಓದುಗರ ಕಣ್ಣಲ್ಲಿ ನೀರು ತರಿಸುವ ಬರವಣಿಗೆಗೆ ನನ್ನ ಧಿಕ್ಕಾರ.)

ಇ) ಮಾಂತೇಶಣ್ಣ ಎಲ್ಲರೆದುರು ತಪ್ಪಾಯಿತು ಅನ್ನುತ್ತಾರೆ. (ಇದನ್ನು ಬರೆಯಲು ಕೂತರೆ ಪೆನ್ನೇ ಮೂಡುವುದಿಲ್ಲ. ಮಾಂತೇಶಣ್ಣ ನನ್ನ ಪಾತ್ರವಾದರೂ ನನ್ನ ಮಾತು ಕೇಳುವ ಪೈಕಿ ಅಲ್ಲ.)

ಹಾಗಾದರೆ ಆದದ್ದಷ್ಟನ್ನು ಬರೆಯುತ್ತೇನೆ. ವ್ಯಾಪಾರಿ ಕಳಿಸಿದ ಮನುಷ್ಯ ಬೇವೂರಿನ ಒಂದು ತೋಟದ ಬಾವಿಯಲ್ಲಿ ಶಂಭುವನ್ನು ದಿನಾ ಇಳಿಸಿ, ಏರಿಸಿ, ಬೈದು, ಕಲಿಸಿದ. ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ, ದಂಡೆಯ ಮೇಲೆ ಮತ್ತೆ ಅದೇ ಹನ್ನೊಂದು ಮಂದಿ. ಎಮ್ಮೆಗಳೂ ಬಂದಿದ್ದವು. ಶಂಭು ತನ್ನ ಅಳತೆಯ ಸೂಟಿನಲ್ಲಿ, ಮೀಸೆಯಿಲ್ಲದ ಮುಖದಲ್ಲಿ, ಮೀಟರನ್ನು ಒಮ್ಮೆ ನೋಡಿ, ರೆಗ್ಯುಲೇಟರ್ ಕಚ್ಚಿದ. ಬೆಲ್ಟಿನ ತುದಿ ಗೇಣುದ್ದ ಜೋತಿತ್ತು.

"ಏ ಶಂಭು," ಮಾಂತೇಶಣ್ಣ ಕೂಗಿದರು. "ಮೀಟರಿನಾಗ ಎಷ್ಟೈತಿ ಹೇಳಲೇ? ಎಲ್ಲಾರೂ ಕೇಳ್ಲಿ."

(ಆ ದನಿ ಅಣಕವೋ ಅಂಜಿಕೆಯೋ? ಮೂರು ಸಲ ತಿದ್ದಿದೆ, ಗೊತ್ತಾಗಲಿಲ್ಲ. ಶಂಭುವನ್ನು ಕೇಳಿದೆ: ಬೆರಳಾದರೂ ತೋರಿಸೋ, ಎಷ್ಟು ಅಂತ, ಕಥೆಗೆ ಒಂದು ಕೊನೆ ಸಿಗುತ್ತದೆ. ಅವನ ಬಾಯಲ್ಲಿ ರಬ್ಬರಿತ್ತು.)

ಫಿನ್ಸು ತೊಟ್ಟವನು ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾನೆ, ಹಿಂದಕ್ಕೇ ನಡೆಯಬೇಕು. ಅದಕ್ಕೇ ಶಂಭು ನೀರಿಗೆ ಬೆನ್ನು ಮಾಡಿದ. ಯಾಕೂಬಸಾಬರ ಕೈಯಿಂದ ಹಗ್ಗ ಮೊಳ ಮೊಳವಾಗಿ ಬಿಟ್ಟುಕೊಳ್ಳತೊಡಗಿತು. ಮೊಣಕಾಲಮಟ. ನಡಮಟ. "ಹೇಳಲೇ!" ಅಂದರು ಮಾಂತೇಶಣ್ಣ, ಈ ಸಲ ಸಣ್ಣ ದನಿಯಲ್ಲಿ. ಗಾಜಿನ ಹಿಂದಿನ ಎರಡು ಕಣ್ಣು ಅವರನ್ನೇ ನೋಡುತ್ತಿದ್ದವು, ನೋಡುತ್ತಲೇ ದೂರವಾಗುತ್ತಿದ್ದವು, ಒಂದೊಂದೇ ಹೆಜ್ಜೆ, ಹಿಂದಕ್ಕೆ, ಎದೆಮಟ,