ಸಮಾಜ ಪೇಪರಿನ ದಿನ

ನಾಗರತ್ನಾ ತಂಬಿಗೆಯಿಂದ ನೀರು ಹೊಯ್ಯುತ್ತ ಅತ್ತೆಯ ಬಲಗೈಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ನಡುಬೆರಳಿಗೆ ಹತ್ತಿದ ನೀಲಿ ಮಸಿ ಏನು ಮಾಡಿದರೂ ಬಿಡಲೊಲ್ಲದು.

“ಇರಲಿ ಬಿಡವಾ,” ಎಂದಳು ನೆರೆಮನೆಯ ಶಾರವ್ವ. “ನಿನ್ನಿ ಪೇಪರ್ ಬರದದ್ದು ಅದು. ಎಷ್ಟಂತ ತಿಕ್ಕತಿ?”

ನಸುಕಿನಲ್ಲಿ ಎದೆ ಹಿಡಿದುಕೊಂಡು ಎದ್ದು ಕುಳಿತ ಅತ್ತೆ ಚಂದ್ರವ್ವ, ದವಾಖಾನೆಗೆ ಒಯ್ಯಲು ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಬಾಗಲಕೋಟೆಯಿಂದ ಮಗಳು ಚೇತನಾ ಬಂದ ಮೇಲೆ, ಹನ್ನೆರಡಕ್ಕೆ ಮಣ್ಣು ಮಾಡುವುದು ಎಂದು ಚಂದ್ರವ್ವನ ಗಂಡ ನಿಂಗಣ್ಣ ಎಲ್ಲರಿಗೂ ಹೇಳಿ ಕಳಿಸಿದ್ದ. ಇಳಕಲ್ಲಿನ ಆ ಓಣಿಯಲ್ಲಿ ಅವತ್ತು ಒಂದು ಮಗ್ಗವೂ ಸದ್ದು ಮಾಡಲಿಲ್ಲ.

ಮೀಸಿ, ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ ಚಂದ್ರವ್ವನನ್ನು ಗೋಡೆಗೆ ಆನಿಸಿ ಕೂರಿಸಿದರು; ಪಕ್ಕದಲ್ಲಿ ಭಜನೆಯವರು ತಾಳ ಹಿಡಿದು ಕುಳಿತರು. ಒಂಬತ್ತರ ಸುಮಾರಿಗೆ ಹೈಸ್ಕೂಲಿನ ದುಂಡೇಶ ಮಾಸ್ತರರು ಕುರುಡು ಹುಡುಗಿ ರೋಹಿಣಿಯ ಕೈ ಹಿಡಿದುಕೊಂಡು ಒಳಗೆ ಬಂದರು.

“ಕೈ ಎಲ್ಲೈತ್ರಿ?” ಎಂದಳು ರೋಹಿಣಿ. ನಾಗರತ್ನಾ ತೋರಿಸಿಕೊಟ್ಟಳು. ಈ ಸಲದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ತಾನು ಹೇಳಿದಂತೆ ನಾಲ್ಕು ಪೇಪರು ಬರೆದುಕೊಟ್ಟ ಆ ಕೈಯನ್ನು ಹುಡುಗಿ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು.

ಮಾಸ್ತರರು ನಿಂಗಣ್ಣನ ಹತ್ತಿರ ದನಿ ತಗ್ಗಿಸಿದರು. “ಇಂಥಾ ಹೊತ್ನ್ಯಾಗ ಕೇಳಬಾರದ್ರಿ. ಹತ್ತೂವರಿಗೆ ಸಮಾಜ ಪೇಪರ್ ಐತಿ. ಹುನಗುಂದದ ಕಚೇರಿಗೆ ಫೋನ್ ಮಾಡಿದ್ದೆ. ಬರಿಯಾಕ ಬದಲಿ ಯಾರನ್ನರ ಕರಕೊಂಡು ಬರ್ರಿ, ಆದ್ರ ಎಸ್ಸೆಸ್ಸೆಲ್ಸಿ ಪಾಸಾಗಿರಬಾರದು, ಅದಕ್ಕ ಸಾಲಿ ಕಾಗದ ಬೇಕು ಅಂತಾರ. ಬರಿಯಾಕ ಬಲ್ಲವರೆಲ್ಲಾ ಪಾಸಾದವರ. ಉಳಿದವರಿಗೆ ಕೈ ಓಡಂಗಿಲ್ಲ.”

“ಇವತ್ತ ತಪ್ಪಿದ್ರ?”

“ಈ ಸಲ ಆಗಲಿಲ್ಲಂದ್ರ ಸಾಲಿ ಸಾಕು ಅಂದಾನ್ರಿ, ಆಕಿಯಪ್ಪ ಯಮನಪ್ಪ.”

“ನಿಮ್ಮ ಸೊಸಿ ಬರೀತಾಳಲ್ಲ?” ಎಂದಳು ಶಾರವ್ವ.

“ಆಕಿ ಪಾಸ್ ಅದಾಳ. ನಡಿಯಂಗಿಲ್ಲ,” ಎಂದ ನಾಗರತ್ನಾಳ ಗಂಡ ಶ್ರೀಧರ. ಅಷ್ಟು ದುಃಖದಲ್ಲೂ ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ನಾಗರತ್ನಾ ಒಂಬತ್ತನೇ ಇಯತ್ತೆಯಲ್ಲೇ ಫೇಲಾಗಿ ಶಾಲೆ ಬಿಟ್ಟವಳು. ಒಳ್ಳೆ ಮನೆ ಕೈ ತಪ್ಪಬಾರದೆಂದು ಅವಳಪ್ಪ ಲಗ್ನದ ಮಾತುಕತೆಯಲ್ಲಿ ಪಾಸು ಎಂದಿದ್ದ. ಹನ್ನೊಂದು ವರ್ಷದಿಂದ ಆ ಸುಳ್ಳನ್ನು ಅವಳು ಕೆಂಡದಂತೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಚಂದ್ರವ್ವನಂತೂ ಕಂಡವರ ಮುಂದೆಲ್ಲ, “ನನ್ನ ಸೊಸಿ ಎಸ್ಸೆಸ್ಸೆಲ್ಸಿ!” ಎಂದು ಮೆರೆಸುತ್ತಿದ್ದಳು.

*

ಆರು ವರ್ಷದ ಹಿಂದೆ ಇದೇ ದುಂಡೇಶ ಮಾಸ್ತರರು ಓಣಿ ಓಣಿ ಸುತ್ತುತ್ತ ಬಂದಿದ್ದರು. ಮಲೀಕಸಾಬ ಎಂಬ ಕುರುಡು ಹುಡುಗನಿಗೆ, ಅವನು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯುವವರು ಬೇಕಾಗಿತ್ತು. ಓದು ಕಡಿಮೆ, ಅಕ್ಷರ ಚಂದ ಇರಬೇಕು.

ಲಾಳಿಯ ಕಂಡಕಿಗೆ ನೂಲು ಸುತ್ತುತ್ತಿದ್ದ ಚಂದ್ರವ್ವ ರಾಟೆ ನಿಲ್ಲಿಸಿದಳು. “ನಾ ನಾಕನೇ ಇಯತ್ತಿ ಕಲ್ತಾಕಿ. ನಡೀತೈತೇನ್ರಿ?”

“ಭಾಳ ಚಲೋ ಆತು!” ಎಂದರು ಮಾಸ್ತರರು.

ಕಲಿಯಲಿಲ್ಲವಲ್ಲ ಎಂದು ಜೀವಮಾನವಿಡೀ ಕೊರಗಿದವಳಿಗೆ, ಕಲಿಯದ್ದಕ್ಕೇ ಕರೆ ಬಂದಿತ್ತು. ಅವತ್ತು ಅವಳ ಕಾಲು ನೆಲದ ಮೇಲಿರಲಿಲ್ಲ.

ಆದರೆ ಮೊದಲ ವರ್ಷವೇ ಎಡವಟ್ಟು ಮಾಡಿದಳು. ಕೃಷ್ಣಾ ನದಿ ನಾಸಿಕದಲ್ಲಿ ಹುಟ್ಟುತ್ತದೆ ಎಂದು ಹುಡುಗ ಹೇಳಿದ; ಇವಳು ತಡೆಯಲಾರದೆ ಮಹಾಬಳೇಶ್ವರ ಎಂದು ಬರೆದಳು. ನೂಲಿನಲ್ಲಿ ಗಂಟು ಕಂಡರೆ ಬಿಡಿಸದೆ ಮುಂದೆ ಹೋಗದ ಕೈ ಅದು. ಹೊರಗೆ ಬಂದು ಹುಡುಗನಿಗೆ ದೊಡ್ಡಸ್ತಿಕೆಯಿಂದ ಹೇಳಿಯೂ ಹೇಳಿದಳು.

“ಯಾಕ ತಿದ್ದಿದ್ರಿ ಅವ್ವಾ?” ಅವನ ಮುಖ ಸಪ್ಪಗಾಯಿತು. “ನಾ ಪಾಸಾದ್ರ, ನಾನ ಪಾಸಾದೆ ಅಂತ ಹೆಂಗ ಹೇಳ್ಲಿ?”

ಅವತ್ತು ಚಂದ್ರವ್ವ ಊಟ ಮಾಡಲಿಲ್ಲ. ಮರುದಿನದಿಂದ ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು. “ಬೇಕಂತ ತಪ್ಪ ಹೇಳು. ನನ್ನ ಕೈ ಸುಮ್ಮನ ಬರೀಬೇಕು.”

“ಇಳಕಲ್ಲ ಸೀರಿ ಬಾದಾಮ್ಯಾಗ ನೇಯ್ತಾರ,” ಎಂದು ನಾಗರತ್ನಾ ಹೇಳಿದರೆ, ಚಂದ್ರವ್ವ ಹಲ್ಲು ಕಚ್ಚಿಕೊಂಡು, ಮೂಗಿನ ತುದಿಗೆ ಬೆವರು ತರಿಸಿಕೊಂಡು ಬರೆಯುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ವರ್ಷಕ್ಕೊಂದು ಮಗುವಿಗೆ ಬರೆಯುವ ಆ ಕೆಲಸ ಹಿಡಿದ ಮೇಲೆ ಅವಳು ಯಾರೊಂದಿಗೂ ಮೊದಲಿನ ಹಾಗೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಎದುರಿನವರು ಮುಗಿಸುವ ತನಕ ಕಾಯುತ್ತಿದ್ದಳು. ಅತ್ತೆ ಎಂದರೆ ಅಂಜುತ್ತಿದ್ದ ನಾಗರತ್ನಾಳಿಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

*

ರೋಹಿಣಿ ಎದ್ದು ನಿಂತಳು. “ಬರ್ರಿ ಸರ್, ಮನಿಗೆ ಹೋಗೂಣು.”

ನಾಗರತ್ನಾ ಒಳಗೆ ಹೋಗಿ ಟ್ರಂಕು ತೆರೆದಳು. ತಳದಲ್ಲಿ ಮಡಚಿಟ್ಟಿದ್ದ ಶಾಲೆಯ ಕಾಗದವನ್ನು ತಂದು ಮಾಸ್ತರರ ಕೈಗಿಟ್ಟಳು. “ನಾ ಒಂಬತ್ತನೇತ್ಯಾಗ ಫೇಲ್ ಆದಾಕಿ ರೀ. ನಾ ಬರೀತೇನಿ.”

ಭಜನೆಯವರ ತಾಳ ನಿಂತಿತು. ಶ್ರೀಧರ ಕಾಗದ ಕಸಿದುಕೊಂಡು ಎರಡು ಸಲ ಓದಿದ. “ಹನ್ನೊಂದು ವರ್ಷ! ಒಂದ ಮಾತ ಹೇಳಲಿಲ್ಲಲ್ಲ ನನಗ?”

“ಅಂಜಿಕಿ ಇತ್ತು. ಅವ್ವಗೂ ಸುಳ್ಳ ಹೇಳೀನಿ.”

“ಮಣ್ಣಾಗೂದಕಿಂತ ಮೊದಲ ಸೊಸಿ ಹೊಸ್ತಿಲ ದಾಟತಾಳೇನು?” ಯಾರೋ ಹೆಂಗಸು ಗೊಣಗಿದಳು.

ಅಷ್ಟು ಹೊತ್ತು ಕಂಬ ಹಿಡಿದು ಕುಳಿತಿದ್ದ ನಿಂಗಣ್ಣ ತಲೆ ಎತ್ತಿದ. “ಲೇ ಶ್ರೀಧರ, ಬೈಯೂದಿದ್ರ ಸಂಜಿಕ ಬೈ. ಈಗ ಕಾಗದ ಮಾಸ್ತರಿಗೆ ಕೊಡು. ತಾಸ ಎಷ್ಟಾತು ನೋಡು.”

ಶ್ರೀಧರ ಹೆಂಡತಿಯ ಮುಖ ನೋಡಲಿಲ್ಲ. ಕಾಗದ ಮಾತ್ರ ಕೊಟ್ಟ. ಮತ್ತೆ ನೋಡಲು ಸಿಗಲಾರದ ಅತ್ತೆಯ ಪಾದಕ್ಕೆ ಹಣೆ ಹಚ್ಚಿ ನಾಗರತ್ನಾ ಹೊರಬಿದ್ದಳು.

*

ಪರೀಕ್ಷೆಯ ಕೋಣೆಯಲ್ಲಿ ಮೂವರೇ ಇದ್ದರು: ರೋಹಿಣಿ, ನಾಗರತ್ನಾ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡ ಮೇಲ್ವಿಚಾರಕಿ. ಹನ್ನೆರಡು ದಾಟಿತ್ತು. ಆಣೆಕಟ್ಟುಗಳ ಉಪಯೋಗ ಹೇಳುತ್ತಿದ್ದ ರೋಹಿಣಿ ನಡುವೆ ನಿಲ್ಲಿಸಿದಳು. ಮೊದಲು ಕೇಳಿಸಿದ್ದು ಅವಳಿಗೇ. ಆಮೇಲೆ ನಾಗರತ್ನಾಳಿಗೂ ಭಜನೆಯ ತಾಳ ಕೇಳಿಸಿತು; ರಸ್ತೆಯಲ್ಲಿ ಹತ್ತಿರ ಬರುತ್ತಿತ್ತು.

“ಅಕ್ಕಾ, ಹೋಗಿ ನೋಡಿ ಬರ್ರಿ.”

“ಹೊರಗ ಹೋದ್ರ ತಿರುಗಿ ಬಿಡಂಗಿಲ್ಲ. ನೀ ಹೇಳು.”

ಮೇಲ್ವಿಚಾರಕಿ ಎದ್ದು ಕಿಟಕಿ ತೆರೆದಳು. ರೋಹಿಣಿ ಸದ್ದು ಬಂದ ಕಡೆ ತಿರುಗಿ ಎದ್ದು ನಿಂತಳು.

“ಏನ ಕಾಣತೈತ್ರಿ?”

“ಕಾಂಪೌಂಡ್ ಗ್ವಾಡಿ ಐತಿ. ಮ್ಯಾಲ ಅವ್ವನ್ನ ಕುಂದರಿಸಿದ ವಿಮಾನದ ತುದಿ ಅಷ್ಟ ಕಾಣತೈತಿ. ಚೆಂಡುಹೂವು ಕಟ್ಯಾರ... ಬೇವಿನ ಗಿಡದ ಹಂತೇಕ ಬಂತು...” ನಾಗರತ್ನಾ ಕತ್ತು ಚಾಚಿದಳು. “ದಾಟಿ ಹೋತು.”

ತಾಳದ ಸದ್ದು ಪೂರ್ತಿ ಕರಗುವ ತನಕ ರೋಹಿಣಿ ನಿಂತೇ ಇದ್ದಳು. ಆಮೇಲೆ ಬೆಂಚು ತಡವಿ ಕುಳಿತು, “ಎಲ್ಲಿಗೆ ಬಂದಿದ್ವಿ ರೀ?” ಎಂದಳು.

ನಾಗರತ್ನಾ ಉತ್ತರಪತ್ರಿಕೆಯನ್ನು ಒಂದು ಗೇಣು ಆಚೆ ಸರಿಸಿ, ಬೋಳು ಬೆಂಚಿನ ಮೇಲೆ ಬಗ್ಗಿ ಅತ್ತಳು. ಸೆರಗಿನಿಂದ ಬೆಂಚು ಒರೆಸಿದಳು, ಬೆರಳು ಒರೆಸಿಕೊಂಡಳು, ಪತ್ರಿಕೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.