ಸೂಜಿಯಮ್ಮನ ಅಳಿಯ

ಎರಡು ಕುರ್ಚಿ ಬಲಗೈಗೆ, ಎರಡು ಎಡಗೈಗೆ ಸಿಕ್ಕಿಸಿಕೊಂಡು ಅಳಿಯ ಮೇಲಿನ ಮಹಡಿಯಿಂದ ಇಳಿಯುತ್ತಿದ್ದ. ಮೆಟ್ಟಿಲಿಗೊಮ್ಮೆ ಅವು ಮೊಣಕಾಲಿಗೆ ಬಡಿಯುತ್ತಿದ್ದವು. ಕುರ್ಚಿ ಕೊಟ್ಟ ಅಜ್ಜಿ ಗೋಡೆ ಹಿಡಿದುಕೊಂಡು ಹಿಂದೆಯೇ ಬರುತ್ತಿದ್ದಳು.

"ನಿಧಾನ ಕಣಪ್ಪಾ. ನಿನ್ನಂಥ ಅಳಿಯ ಸಿಗೋಕೆ ಪುಣ್ಯ ಮಾಡಿರಬೇಕು. ದುಡಿದದ್ದು ಸಾಕು ಅಂತ ಅತ್ತೆಗೆ ಕೆಲಸ ಬಿಡಿಸಿ, ಮನೇಲಿ ಕೂರಿಸಿ ನೋಡ್ಕೊಂಡೆ. ಹೆತ್ತ ಮಕ್ಕಳೇ ಮಾಡಲ್ಲ."

"ಹಾಗೇನಿಲ್ಲ ಅಜ್ಜಿ," ಅಂದ. ಬೆಳಗಿನಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದ. ನಿಜವನ್ನೇ ಹೇಳುತ್ತಿದ್ದರೂ ಕೇಳಿದವರೆಲ್ಲ ಅದನ್ನು ವಿನಯವೆಂದೇ ತಿಳಿದಿದ್ದರು.

ನಡುಮನೆಯಲ್ಲಿ ಅತ್ತೆ ಪೆಟ್ಟಿಗೆಯೊಳಗೆ ಮಲಗಿದ್ದಳು. ಮೊನ್ನೆ ಸಂಜೆ ಹೊಲಿಗೆ ಯಂತ್ರದ ಮುಂದೆ ಕೂತವಳು ಹಾಗೆಯೇ ತಲೆ ಒರಗಿಸಿದ್ದಳು. ಯಾರದೋ ಪ್ಯಾಂಟಿನ ಒಂದು ಕಾಲು ಗಿಡ್ಡವಾಗಿತ್ತು, ಇನ್ನೊಂದು ಉದ್ದವೇ ಉಳಿದಿತ್ತು.

ಕುರ್ಚಿ ಬಿಡಿಸಿ ಹಾಕುವಷ್ಟರಲ್ಲಿ ಜೇಡಪ್ಪ ಬಂದ. ಅವನ ಹಿಂದೆ ಹೆಲಿಕಾಪ್ಟರ್ ಕಂಪನಿಯ ಕೆಂಪು ಜಾಕೆಟ್ ತೊಟ್ಟ ಇಬ್ಬರು. ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಇಳಿದು, ಕಡಲಿಗೆ ಬಿದ್ದವರನ್ನು ಎತ್ತಿಕೊಂಡು ಬರುವುದೇ ಅವನ ಕಸುಬು. ಅದಕ್ಕೇ ಆ ಹೆಸರು. ಮೊದಲು ಸೇನೆಯ ಹಗ್ಗದಲ್ಲಿ ಇಳಿಯುತ್ತಿದ್ದವನು ಈಗ ಕಂಪನಿಯದರಲ್ಲಿ ಇಳಿಯುತ್ತಿದ್ದ. ಅಳಿಯನ ಕೈ ಕುಲುಕಿ, ಪೆಟ್ಟಿಗೆಯ ಪಕ್ಕ ತುಸು ಹೊತ್ತು ನಿಂತು ಬಂದು ಕೂತ.

"ನಮಗೆಲ್ಲ ಸೂಜಿಯಮ್ಮ ಇವರು," ಅಂದ ಅಜ್ಜಿಗೆ. "ಯಾರಾದ್ರೂ ಎದುರು ಮಾತಾಡಿದ್ರೆ, 'ನಾಳೆ ನೀನು ತೂಗಾಡೋದು ನನ್ನ ಹೊಲಿಗೆ ಮೇಲೆ, ನೆನಪಿರಲಿ' ಅಂತಿದ್ರು. ಅಲ್ಲಿಗೆ ಎಲ್ಲರ ಬಾಯಿ ಬಂದ್."

ಅಜ್ಜಿ ಸೆರಗಿನ ಮರೆಯಲ್ಲಿ ನಕ್ಕಳು. "ಅಂಥ ಕೆಲಸಾನ ಅಳಿಯ ಸಾಕು ಅಂದ ಮಾತ್ರಕ್ಕೆ ಬಿಟ್ಟುಬಿಟ್ಟಳಾ?"

"ಕಣ್ಣು ಮಂಜಾಯ್ತು ಅಂದ್ರು. ಸೂಜಿಗೆ ದಾರ ಪೋಣಿಸೋಕೆ ಆಗಲ್ಲ ಅಂತ."

"ಕಣ್ಣು ಮಂಜಾ? ಹೋದ ವಾರ ನನ್ನ ಸೂಜಿಗೆ ದಾರ ಹಾಕ್ಕೊಟ್ಟವಳು ಅವಳೇ. ಕನ್ನಡಕನೂ ಹಾಕಿರಲಿಲ್ಲ."

ಜೇಡಪ್ಪ ತನ್ನ ಬೂಟಿನ ತುದಿ ನೋಡಿಕೊಂಡ. ನೀರು ತರುತ್ತೇನೆಂದು ಅಳಿಯ ಎದ್ದ. ನೀರಿನ ಜಗ್ಗು ತುಂಬಿಯೇ ಇತ್ತು.

*

ದೋಣಿ ಮಗುಚಿದರೆ, ಬಂಡೆಯ ಮೇಲೆ ಯಾರಾದರೂ ಸಿಕ್ಕಿಬಿದ್ದರೆ ಹೆಲಿಕಾಪ್ಟರ್ ಕಳಿಸುವ ಕೆಲಸ ಆಗ ಸೇನೆಯದು. ಅದರ ಹೆಲಿಕಾಪ್ಟರ್ ನೆಲೆಯ ಮೂಲೆಯಲ್ಲಿ ಒಂದು ಹೊಲಿಗೆ ಕೋಣೆ. ಕಂಕುಳಿಗೆ ಹಾಕಿ ಮೇಲೆತ್ತುವ ಪಟ್ಟಿ, ಲೈಫ್ ಜಾಕೆಟ್, ಸೀಟಿನ ಬೆಲ್ಟು, ಯಾವುದರ ಹೊಲಿಗೆ ಬಿಟ್ಟರೂ ಅತ್ತೆಯ ಮೇಜಿಗೆ ಬರುತ್ತಿತ್ತು. ಹೊಸ ಪೈಲಟ್ ಆಗಿ ಬಂದ ಅಳಿಯ ಹರಿದ ತೋಳು ತೋರಿಸಲು ಹೋದಾಗಲೇ ಅಮ್ಮನಿಗೆ ಬುತ್ತಿ ತಂದಿದ್ದ ಮಗಳನ್ನು ನೋಡಿದ್ದು. ಆಮೇಲೆ ಅವನ ತೋಳು ವಾರಕ್ಕೊಮ್ಮೆ ಹರಿಯತೊಡಗಿತು. "ಈ ಹುಡುಗ ಬಟ್ಟೆ ಹರ್ಕೊಳ್ಳೋದು ನಿಲ್ಲಿಸಬೇಕು ಅಂದ್ರೆ ಮದುವೆ ಮಾಡಬೇಕು," ಅಂದವಳು ಅತ್ತೆಯೇ.

ವರ್ಷಗಳ ನಂತರ ಸರ್ಕಾರ ಆ ಕೆಲಸವನ್ನು ಸೇನೆಯಿಂದ ತೆಗೆದು ಖಾಸಗಿ ಕಂಪನಿಗೆ ಕೊಟ್ಟಿತು. ಊರ ತುಂಬ ಅದೇ ಮಾತು. "ಇನ್ಮೇಲೆ ಮುಳುಗೋನು ಟಿಕೆಟ್ ತಗೊಂಡೇ ಮುಳುಗಬೇಕು," ಎಂದು ಕ್ಷೌರದಂಗಡಿಯಲ್ಲಿ ನಗೆಯೆದ್ದಿತ್ತು. ಹಾಗೇನೂ ಆಗಲಿಲ್ಲ. ಹೊಸ ಹೆಲಿಕಾಪ್ಟರುಗಳು ಮೊದಲಿನವಕ್ಕಿಂತ ಬೇಗ ತಲುಪಿದವು, ಬದುಕಿದವರು ಬದುಕಿದರು. ಅಳಿಯ ಸಮವಸ್ತ್ರ ಕಳಚಿ ಅದೇ ನೆಲೆಗೆ ಕಂಪನಿಯ ಮ್ಯಾನೇಜರ್ ಆದ. ಹಳೆಯ ಗೆಳೆಯರು ಅವನನ್ನು 'ಸೇಟು' ಎಂದು ಕರೆಯತೊಡಗಿದ್ದರು. ಸಾಲದ್ದಕ್ಕೆ ತನ್ನವರನ್ನೇ ತುಂಬಿಕೊಂಡ ಎಂಬ ಮಾತೂ ಬಂದರೆ ತಲೆಯೆತ್ತಿ ತಿರುಗುವುದು ಹೇಗೆ? ಹಗಲೂ ರಾತ್ರಿ ಅವನಿಗೆ ಅದೊಂದೇ ಹೆದರಿಕೆ.

ಮುಖ್ಯ ಕಚೇರಿಯಿಂದ ಬಂದಿದ್ದ ಹೆಂಗಸು ಅವನ ಮೇಜಿನೆದುರು ಕೂತು ಕೇಳಿದಳು. "ಹೊಲಿಗೆ, ರಿಪೇರಿ ಎಲ್ಲ ನಾವು ಹೊರಗೆ ಮಾಡಿಸ್ತೀವಿ. ಆದ್ರೂ ನೀವು ಹೇಳಿದ್ರೆ ಒಬ್ಬರನ್ನ ಉಳಿಸ್ಕೋಬಹುದು. ಆ ಕೋಣೆಲಿರೋರು ನಿಮಗೆ ಸಂಬಂಧ ಅಂತ ಯಾರೋ ಅಂದ್ರು?"

"ಸಂಬಂಧ ಏನಿಲ್ಲ," ಅಂದ ಅವನು. "ವಯಸ್ಸಾಗಿದೆ. ಬಿಟ್ಬಿಡಿ."

ತಲೆಯೆತ್ತಿದರೆ ಅರೆ ತೆರೆದ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಹೊಲಿದು ಮುಗಿಸಿದ ಪಟ್ಟಿಗಳು ಹೆಗಲ ಮೇಲಿದ್ದವು.

"ಇವನ್ನ ಎಲ್ಲಿಡಲಿ ಸಾರ್?"

ನೆಲೆಯಲ್ಲಿ ಅವಳು ಯಾವತ್ತೂ ಅವನನ್ನು ಕರೆಯುತ್ತಿದ್ದದ್ದು ಸಾರ್ ಎಂದೇ. ಅವತ್ತಿನ ಸಾರ್ ಬೇರೆಯಾಗಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಸಂಜೆ ಊಟ ಬಡಿಸುತ್ತ ಅವಳು ಮಗಳಿಗೆ, "ಕೆಲಸ ಬಿಡ್ತೀನಿ ಕಣೇ, ಕಣ್ಣು ಮಂಜಾಗಿದೆ," ಅಂದಳು. ಆಮೇಲೆ ಅವನ ಕಡೆ ತಿರುಗಿ, "ಅಳಿಯಂದ್ರೇ, ಇನ್ನೊಂದು ಸ್ವಲ್ಪ ಹಾಕ್ಲಾ?"

"ಹಾಕಿ," ಅಂದ.

ಅವಳಿಗೆ ಕೇಳಿಸಿಲ್ಲ ಎಂದು ಅವತ್ತೇ ನಂಬಿದ. ಆ ನಂಬಿಕೆಗೆ ಹಾಲೆರೆದು ಇಷ್ಟು ವರ್ಷ ಸಾಕಿದ್ದ.

*

ಅಡುಗೆಮನೆಯಲ್ಲಿ ಹೆಂಡತಿ ಲೋಟ ತೊಳೆಯುತ್ತಿದ್ದಳು. ಅಜ್ಜಿಯ ಮಾತು ಅಲ್ಲಿಗೂ ಕೇಳಿಸಿರಬೇಕು. ಅವನು ತುಂಬಿದ ಜಗ್ಗನ್ನು ಚೆಲ್ಲಿ ಮತ್ತೆ ತುಂಬಲು ಹೋದ.

"ಅಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ," ಅಂದಳು.

ಅವನು ನಲ್ಲಿ ನಿಲ್ಲಿಸಿದ.

"ಅವತ್ತು ರಾತ್ರಿ ನೀವು ಮಲಗಿದ ಮೇಲೆ ನನಗೆ ಹೇಳಿದಳು. 'ಸಂಬಂಧ ಏನಿಲ್ಲ' ಅಂದ್ರಂತೆ."

ಅವನು ಜಗ್ಗನ್ನು ಕಟ್ಟೆಯ ಮೇಲಿಟ್ಟ.

"ನಾನು ಆಗಲೇ ಎಬ್ಬಿಸಿ ಕೇಳಬೇಕು ಅಂತ ಎದ್ದೆ. ಅವಳು ಕೈ ಹಿಡ್ಕೊಂಡಳು. 'ನಾನು ಕೇಳಿಸ್ಕೊಂಡಿದ್ದು ಅವನಿಗೆ ಗೊತ್ತಾಗೋದು ಬೇಡ. ಗೊತ್ತಾದ್ರೆ ನನ್ನ ಕೈಯಿಂದ ಬಡಿಸಿಕೊಂಡು ಉಣ್ಣೋದು ಹೇಗೆ ಅವನು' ಅಂದಳು."

"ನೀನು ಇಷ್ಟು ದಿನ…"

"ನೀವೇ ಹೇಳ್ತೀರಿ ಅಂತ ಕಾದೆ. ಕಾದು ಕಾದು ಆಮೇಲೆ ಕಾಯೋದೇ ಮರೆತುಹೋಯ್ತು." ಅವಳು ಕೈ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. "ಹೋಗಿ, ಜನ ಕಾಯ್ತಿದ್ದಾರೆ. ನೀರು ಕೊಡಿ."

ಹೋಗಿ ನೀರು ಕೊಟ್ಟ. ಅಜ್ಜಿ ಲೋಟ ತಗೊಂಡು, "ಎಷ್ಟು ಓಡಾಡ್ತಾನೆ ನೋಡು ಪಾಪ," ಅಂದಳು.

*

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಎರಡು ಹಲಗೆಗಳ ಮೇಲಿಟ್ಟು, ಗುಂಡಿ ತೋಡಿದವನು ಅಡಿಯಿಂದ ಎರಡು ಹಗ್ಗ ಹಾಯಿಸಿದ. ಜೇಡಪ್ಪನೂ ಕೆಂಪು ಜಾಕೆಟ್ಟಿನ ಇಬ್ಬರೂ ಕೇಳದೆಯೇ ಮೂರು ಕೊನೆ ಹಿಡಿದರು. ತಲೆಯ ಕಡೆಯದೊಂದು ಉಳಿಯಿತು.

"ಇದನ್ನ ಮನೆಯವರು ಹಿಡೀಲಿ," ಅಂದ ಗುಂಡಿ ತೋಡಿದವನು. "ಯಾರಿದ್ದೀರಿ?"

ಹೆಂಡತಿ ಅವನತ್ತ ನೋಡಲಿಲ್ಲ. ಅಳಿಯ ಮುಂದೆ ಬಂದು ಹಗ್ಗವನ್ನು ಅಂಗೈಗೆ ಸುತ್ತಿಕೊಂಡ. ಕಡಲ ಮೇಲೆ ಅವನು ಕೂರುತ್ತಿದ್ದದ್ದು ಮುಂದಿನ ಸೀಟಿನಲ್ಲಿ. ಹಿಂದೆ ಹಗ್ಗ ಬಿಡುತ್ತಿದ್ದವರು ಬೇರೆಯವರು.

ಹಲಗೆ ಎಳೆದರು. ಭಾರ ಒಮ್ಮೆಗೇ ಕೈಗೆ ಬಂತು.

"ಬಿಡಿ… ನಿಧಾನ… ಬಿಡಿ…" ಜೇಡಪ್ಪನ ದನಿ ಮೆಲ್ಲಗಿತ್ತು. ಮೂರು ಕೊನೆಗಳು ಒಂದೇ ಸಮನೆ ಜಾರಿದವು. ಅಳಿಯನದು ಜಾರಲಿಲ್ಲ. ಪೆಟ್ಟಿಗೆಯ ಕಾಲಿನ ಕಡೆ ತಗ್ಗಿತು, ತಲೆಯ ಕಡೆ ಒಂದು ಮೂಲೆ ಬೆಳಕಿನಲ್ಲೇ ಉಳಿಯಿತು. ಅಂಚಿನ ಮಣ್ಣು ಪುಡಿಪುಡಿಯಾಗಿ ಒಳಗೆ ಉದುರಿತು. ಯಾರೋ ಅವನ ಭುಜ ಮುಟ್ಟಲು ಬಂದರು, ಜೇಡಪ್ಪ ಬೇಡವೆಂದು ತಲೆಯಾಡಿಸಿದ.

ಮೂವರೂ ತಮ್ಮ ಹಗ್ಗ ಬಿಗಿಹಿಡಿದು, ಅವನ ಮುಖ ನೋಡದೆ, ಅವನ ಹಗ್ಗ ಇಳಿಯುವುದನ್ನೇ ಕಾಯುತ್ತ ನಿಂತರು.