ಅತ್ತೆ ಕೊಟ್ಟ ಮೊಟ್ಟೆ

ಬಸುರಿ ಸೊಸೆಗೆ ಆರು ತಿಂಗಳು ತುಂಬುವ ಹೊತ್ತಿಗೆ ಆ ಮನೆಯಲ್ಲಿ ಅತ್ತೆಯ ಕಾನೂನು ಒಂದೇ ಉಳಿದಿತ್ತು: ಬೇಯಿಸಿದ ಮೊಟ್ಟೆ ಒಳಗೆ ಹೋಗದೆ ಸೊಸೆ ಹೊರಗೆ ಹೋಗಕೂಡದು. ದಿನಾ ಬೆಳಿಗ್ಗೆ ಸಿಪ್ಪೆ ಸುಲಿದು, ಮೇಲೆ ಚಿಟಿಕೆ ಉಪ್ಪು ಉದುರಿಸಿ, ಬಾಗಿಲಿಗೆ ಅಡ್ಡ ನಿಂತು ಕೊಡುತ್ತಿದ್ದರು. ಬಸ್ಸು ತಪ್ಪಿದರೆ ತಪ್ಪಲಿ, ಮೊಟ್ಟೆ ತಪ್ಪುವಂತಿಲ್ಲ.

ಹಿತ್ತಿಲಿನಲ್ಲಿ ಅತ್ತೆಯ ಒಂಬತ್ತು ಕೋಳಿಗಳಿದ್ದವು. ಬೋನಿಲ್ಲ, ಮೂಟೆಯ ಮೇವಿಲ್ಲ. ಬೆಳಗಾದರೆ ಮಣ್ಣು ಕೆದರಿ ಹುಳು ಹೆಕ್ಕಿ ಬದುಕುವ ಜಾತಿ. ಅವುಗಳಲ್ಲಿ ಯಜಮಾನಿಕೆ ನಡೆಸುವ ಹೇಂಟೆಗೆ ಜಗಳಗಂಟಿ ಎಂದು ಹೆಸರು. "ಅಂಗಡಿ ಕೋಳಿ ಹುಟ್ಟಿದಾಗಿಂದ ನೆಲಾನೇ ನೋಡಿರಲ್ಲ. ನಮ್ಮವು ಮಣ್ಣಲ್ಲಿ ಬೆಳೆದವು ಕಣೇ" ಎನ್ನುವಾಗ ಅತ್ತೆಯ ಮುಖ ನೋಡಬೇಕು. ಹೆತ್ತ ಮಗನ ಬಗ್ಗೆಯೂ ಅವರು ಅಷ್ಟು ಹೊಗಳಿಕೊಂಡವರಲ್ಲ.

ಸೊಸೆಯ ಕೆಲಸ ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಹಾಲಿನಲ್ಲಿ, ಕಾಳಿನಲ್ಲಿ, ಮೊಟ್ಟೆಯಲ್ಲಿ ಎಷ್ಟು ಕೀಟನಾಶಕ ಉಳಿದಿದೆ ಎಂದು ಹುಡುಕಬೇಕು. ಅಲ್ಲೊಂದು ಪದ್ಧತಿ ಇತ್ತು. ಪೇಟೆಯ ಮೊಟ್ಟೆಗಳನ್ನು ಪರೀಕ್ಷಿಸುವ ಮೊದಲು, ವಿಷದ ಸೋಂಕೇ ಇಲ್ಲದ ಮೊಟ್ಟೆಯೊಂದನ್ನು ಯಂತ್ರಕ್ಕೆ ತೋರಿಸುತ್ತಿದ್ದರು. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಓಡಿದರೆ ಎಲ್ಲ ಸರಿ. ನಡುವೆ ಗುಡ್ಡ ಎದ್ದರೆ ಅದು ವಿಷ. ಅಂಥ ಮೊಟ್ಟೆ ಕೊಡುತ್ತಿದ್ದ ಫಾರಂ ಮುಚ್ಚಿಹೋದಾಗ ಸೊಸೆಯೇ ಮುಂದೆ ಬಂದಳು. "ನಮ್ಮತ್ತೆ ಕೋಳಿ ಮೊಟ್ಟೆ ತರ್ತೀನಿ. ಅದಕ್ಕಿಂತ ಶುದ್ಧವಾದ್ದು ಎಲ್ಲಿ ಸಿಗುತ್ತೆ?"

ತಂದ ಮೊದಲ ದಿನವೇ ಗುಡ್ಡ ಎದ್ದಿತು.

ಯಂತ್ರಕ್ಕೆ ಸೂಜಿ ಚುಚ್ಚುವ ಸಹೋದ್ಯೋಗಿಯನ್ನು ಲ್ಯಾಬಿನಲ್ಲಿ ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ತಪ್ಪೆಲ್ಲ ಆ ಪಾಪದವನ ತಲೆಗೆ ಬಂತು. ಗಾಜಿನ ಪಾತ್ರೆ ಸರಿಯಾಗಿ ತೊಳೆದಿಲ್ಲ ಎಂದರು, ತೊಳೆದ. ಯಂತ್ರದ ಸೂಜಿ ಕೊಳೆಯಾಗಿದೆ ಎಂದರು, ಬದಲಾಯಿಸಿದ. ಮೂರು ದಿನ ಬೈಸಿಕೊಂಡ. ಎಲ್ಲರಿಗಿಂತ ಹೆಚ್ಚು ಬೈದವಳು ಸೊಸೆಯೇ. ಮೊಟ್ಟೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ. ನಾಲ್ಕನೆಯ ದಿನ ಸೂಜಿ ಬೇಸತ್ತು, ಎದುರಿನ ಅಂಗಡಿಯಿಂದ ಬೋನಿನ ಕೋಳಿಯ ಮೊಟ್ಟೆಯೊಂದನ್ನು ತಂದು ಒಡೆದ. ಗೆರೆ ಮಟ್ಟಸವಾಗಿ ಓಡಿತು.

"ಅಕ್ಕಾ," ಅಂದ ಮೆಲ್ಲಗೆ, "ಪಾತ್ರೆ ಸರಿ ಇದೆ. ನಿಮ್ಮ ಮೊಟ್ಟೆನೇ ಸರಿ ಇಲ್ಲ. ಹಿಂದೆ ಗೆದ್ದಲಿಗೆ ಒಂದು ಪುಡಿ ಹಾಕ್ತಿದ್ರಲ್ಲ, ಆಮೇಲೆ ಮಾರೋದೇ ನಿಲ್ಲಿಸಿದ್ರು. ಅದೇ ಇದು."

ಸೊಸೆಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಕೆಲಸ ಅಲ್ಲಿಗೇ ಬಿಟ್ಟು ಡಾಕ್ಟರಮ್ಮನ ಹತ್ತಿರ ಓಡಿದಳು. "ಇಷ್ಟಕ್ಕೆಲ್ಲ ಗಾಬರಿಯಾಗಬೇಡ. ಆದ್ರೆ ಇವತ್ತಿಂದ ಒಂದೂ ತಿನ್ನಬೇಡ" ಎಂದರು ಅವರು. ಮನೆಗೆ ಬರುವ ದಾರಿಯಲ್ಲಿ ಮಗುವಿನ ಭಯ ಇಳಿಯಿತು, ಅತ್ತೆಯ ಭಯ ಏರಿತು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ವಿಷ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೆ ನಾಳೆ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಂತೇ ಇರುತ್ತಾರೆ.

ಅತ್ತೆ ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದರು. ಜಗಳಗಂಟಿ ಮಾತ್ರ ಗೋಡೆಯ ಮೂಲೆಯ ಧೂಳಿನಲ್ಲಿ ಸುಖವಾಗಿ ಹೊರಳಾಡುತ್ತಿತ್ತು.

"ಅತ್ತೆ, ಆ ಮೂಲೇಲಿ ಮೊದಲು ಏನಿತ್ತು?"

"ನಿಮ್ಮ ಮಾವ ಇದ್ದಾಗ ಹಲಗೆ ಪೇರಿಸಿಡ್ತಿದ್ರು. ಬಡಗಿ ಮನೆ ಅಂದ್ಮೇಲೆ ಗೆದ್ದಲು ಬಿಡುತ್ತಾ? ವರ್ಷಾ ವರ್ಷಾ ಬಿಳಿ ಪುಡಿ ಸುರಿಯೋರು. ಒಂದು ಇರುವೆ ಆ ಕಡೆ ಸುಳೀತಿರ್ಲಿಲ್ಲ."

ಅತ್ತೆ ನಕ್ಕರು. ಸೊಸೆಗೆ ನಗಲಾಗಲಿಲ್ಲ. "ಆ ಪುಡಿ ಮಣ್ಣಲ್ಲಿ ಇನ್ನೂ ಇದೆ ಅತ್ತೆ. ಕೋಳಿ ಅಲ್ಲೇ ಕುಕ್ಕುತ್ತೆ. ಅದು ಮೊಟ್ಟೆಗೆ ಬಂದಿದೆ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅತ್ತೆ ಮೆಟ್ಟಿಲ ಮೇಲೆ ಕೂತರು. ಬಹಳ ಹೊತ್ತು ಅವರ ಕಣ್ಣು ಸೊಸೆಯ ಹೊಟ್ಟೆಯ ಮೇಲೇ ಇತ್ತು. "ನನ್ನ ಕೈಯಾರೆ ತಿನ್ನಿಸಿದ್ನಲ್ಲೇ."

"ನೀವು ಕೊಟ್ಟದ್ದು ಮೊಟ್ಟೆ ಅತ್ತೆ. ಮಾವ ಪುಡಿ ಹಾಕಿದ್ದು ಗೆದ್ದಲಿಗೆ. ಯಾರಿಗೆ ಗೊತ್ತಿತ್ತು?"

ಮರುದಿನ ಅಭ್ಯಾಸಬಲದಿಂದ ಅತ್ತೆ ಬಾಗಿಲಿಗೆ ಅಡ್ಡ ಬಂದು ನಿಂತರು. ಕೈ ಬರಿದಾಗಿರುವುದು ನೆನಪಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಸ್ಸಿನಲ್ಲಿ ಸೊಸೆ ಗೊಳೋ ಎಂದು ಅತ್ತಳು.

ಮಗನೂ ಬಡಗಿಯೇ. ನೆಲದಿಂದ ಎತ್ತರಕ್ಕೆ, ಹಲಗೆಯ ತಳ ಹಾಕಿ ದೊಡ್ಡ ಗೂಡು ಕಟ್ಟಿ, ಹಿತ್ತಿಲಿಗೆ ಕೋಳಿ ಇಳಿಯದಂತೆ ಮಾಡಿದ. ಮೂಟೆಯ ಮೇವು ಬಂತು. ಜಗಳಗಂಟಿ ಎರಡು ದಿನ ಸತ್ಯಾಗ್ರಹ ಹೂಡಿ, ಮೂರನೆಯ ದಿನ ಎಲ್ಲರಿಗಿಂತ ಮೊದಲು ಮೇವಿಗೆ ಬಾಯಿ ಹಾಕಿತು. ಇಟ್ಟ ಮೊಟ್ಟೆಗಳನ್ನು ಯಾರೂ ತಿನ್ನಲಿಲ್ಲ. ತಿಂಗಳಿಗೊಂದನ್ನು ಮಾತ್ರ ಅತ್ತೆ ಬಟ್ಟೆಯಲ್ಲಿ ಸುತ್ತಿ, ತಾವೇ ಬಸ್ಸು ಹತ್ತಿ ಲ್ಯಾಬಿಗೆ ತರುತ್ತಿದ್ದರು. ಬೇರೆಯವರ ಕೈಗೆ ಕೊಡಲು ಅವರಿಗೆ ಧೈರ್ಯವಿರಲಿಲ್ಲ. ಸೂಜಿ ತಿಂಗಳು ತಿಂಗಳಿನ ಗೆರೆಯನ್ನು ಗೋಡೆಗೆ ಅಂಟಿಸಿ, ಗುಡ್ಡ ಎಷ್ಟು ಇಳಿದಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ.

ಈ ನಡುವೆ ಮೊಮ್ಮಗಳು ಹುಟ್ಟಿದಳು. ಗುಂಡುಗುಂಡಾಗಿ, ಜಗಳಗಂಟಿಯಷ್ಟೇ ಗಂಟಲಿನವಳು. ಅವಳಿಗೆ ಆರು ತಿಂಗಳಾದಾಗ ಒಂದು ಮಧ್ಯಾಹ್ನ ಗೆರೆ ಮಟ್ಟಸವಾಗಿ ಓಡಿತು. "ಅಜ್ಜೀ, ನಿಮ್ಮ ಗುಡ್ಡ ಕರಗಿಹೋಯ್ತು" ಎಂದ ಸೂಜಿ. ಅತ್ತೆ ಅವನ ತಲೆ ಸವರಿದರು.

ಮರುದಿನ ಬೆಳಿಗ್ಗೆ ಅತ್ತೆ ಮೊಟ್ಟೆ ಬೇಯಿಸಿ, ಸುಲಿದು, ಎರಡು ಹೋಳು ಮಾಡಿದರು. ಒಂದನ್ನು ತಾವು ತಿಂದರು. ಇನ್ನೊಂದನ್ನು ಹಿಡಿದು ಬಾಗಿಲವರೆಗೆ ಬಂದರೂ ಅಡ್ಡ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತರು.

"ಮೊಟ್ಟೆ ಸರಿ ಇದೆ ಅಂತ ಯಂತ್ರ ಹೇಳ್ತು. ಆದ್ರೂ ಮನಸ್ಸಿಲ್ಲದಿದ್ರೆ ಬೇಡ ಬಿಡು" ಎಂದರು.

"ಉಪ್ಪು ಎಲ್ಲಿ ಅತ್ತೆ?"

ಅತ್ತೆ ಒಳಗೆ ಓಡಿ ಉಪ್ಪು ತಂದರು. ಅಷ್ಟರಲ್ಲಿ ಹೊರಗೆ ಬಸ್ಸು ಹಾರ್ನ್ ಹಾಕಿ ಹೊರಟೇ ಹೋಯಿತು. ಸೊಸೆ ಕೈ ಚಾಚಲಿಲ್ಲ, ಬಾಯಿ ತೆರೆದಳು.